ಲಾರಿ ಟೈರಿನ ವೀರಭದ್ರ

ಠಪ್! "ತಲೆ!" ಠಪ್! "ಕೈ!" ಠಪ್! "ಹೊಟ್ಟೆ!"

ಎಪ್ಪತ್ತರ ದಶಕದ ಕೊನೆಯಲ್ಲಿ ಅಜ್ಜಂಪುರದ ನಮ್ಮ ಹಿತ್ತಿಲು ಹೀಗೆ ಬೆಳಗಾಗುತ್ತಿತ್ತು. ಹೊಡೆಯುತ್ತಿದ್ದವಳು ನನ್ನ ನಾದಿನಿ, ಹೊಡೆಸಿಕೊಳ್ಳುತ್ತಿದ್ದುದು ಒಂದು ಮರದ ಕಂಬ. ಅದರ ಸೊಂಟಕ್ಕೆ ಲಾರಿ ಟೈರು, ಕೈಗೆ ಗೋಣಿ ಸುತ್ತಿದ ಗೂಟ, ತಲೆಗೆ ಹಳೆಯ ಹೆಲ್ಮೆಟ್ಟು. ಟ್ರೇನಿಂಗಿಗೆಂದು ಜಪಾನಿಗೆ ಹೋಗಿದ್ದ ನನ್ನ ಗಂಡ ಬಿದಿರಿನ ಕತ್ತಿಯೊಂದನ್ನು ತಂದು, ಏಟು ಬೀಳುವ ಜಾಗವನ್ನು ಕೂಗಿ ಹೇಳುತ್ತ ಹೊಡೆಯುವ ಕೆಂಡೋ ಕತ್ತಿವರಸೆಯ ಅಭ್ಯಾಸಕ್ಕೆ ಇದನ್ನು ನೆಟ್ಟಿದ್ದರು. ವಾರದಲ್ಲಿ ಅವರ ಎಂಥೂಸಿಯಾಸಮ್ ಮುಗಿಯಿತು. ಅವರ ತಂಗಿ ಕತ್ತಿ ಎತ್ತಿಕೊಂಡಳು. "ಲೇಡೀಸ್ ಡೋಂಟ್ ಶೌಟ್" ಎಂದು ಕಾನ್ವೆಂಟಿನಲ್ಲಿ ಕಲಿತಿದ್ದ ನಾನು ಅಡುಗೆಮನೆಯ ಕಿಟಕಿಯಿಂದ ಅವಳ ಪೋಸ್ಚರ್ ಮೆಚ್ಚುತ್ತಿದ್ದೆ, ಸದ್ದಿಲ್ಲದೆ.

ಕಡೂರಿನಿಂದ ಗಂಡಿನ ಕಡೆಯವರು ಬರುತ್ತಾರೆಂದಾಗ ಅವಳಿಗೆ ಒಂದೇ ಚಿಂತೆ.

"ಅತ್ತಿಗೆ, ಹುಡುಗ ಹೆಂಗಾದ್ರೂ ಇರ್ಲಿ. ಅವ್ರ ಮನೇಲಿ ಇದನ್ನ ಹೊಡೆಯೋಕೆ ಬಿಡ್ತಾರಾ?"

"ಅಲ್ಲಿ ಸೊಳ್ಳೆ ಹೊಡಿ, ಸಾಕು," ಎಂದರು ನಮ್ಮ ಅತ್ತೆ.

ಕಂಬ ಕೀಳಲು ಆಳು ಸಿಗಲಿಲ್ಲ. ಅತ್ತೆ ಅದಕ್ಕೆ ಕೆಂಪು ಶಾಲು ಹೊದಿಸಿದರು. ಹೆಲ್ಮೆಟ್ಟು ಆಗಲೂ ಇಣುಕುತ್ತಿತ್ತು. "ಹೆಂಗೂ ಕಾಣುತ್ತೆ, ಮರ್ಯಾದೆಯಾಗಿ ಕಾಣ್ಲಿ" ಎಂದು ಮೂರು ಬೆರಳು ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿದರು.

ಕೈ ತೊಳೆಯಲು ಹಿತ್ತಿಲಿಗೆ ಬಂದ ಹುಡುಗನ ತಾಯಿ ಅಲ್ಲೇ ಚಪ್ಪಲಿ ಬಿಟ್ಟರು. "ವೀರಭದ್ರ ದೇವ್ರೇನ್ರೀ?"

ಸೋಮವಾರ ಸುಳ್ಳು ಹೇಳುವುದಿಲ್ಲವೆಂಬುದು ನಮ್ಮ ಅತ್ತೆಯ ವ್ರತ. ಅವತ್ತು ಸೋಮವಾರ. ಅವರು ಬಾಯಿ ಬಿಡದೆ ಕೈ ಮಾತ್ರ ಮುಗಿದರು.

"ಇಂಥ ಹೊಟ್ಟೆ ಇರೋ ವೀರಭದ್ರನ್ನ ನಾನು ಕಂಡೇ ಇಲ್ಲ ಕಣ್ರೀ! ಪೂಜೆ ಯಾರು ಮಾಡೋದು?"

"ನಾನೇ. ದಿನಾ ಬೆಳಿಗ್ಗೆ," ಎಂದಳು ನಾದಿನಿ, ನೆಲ ನೋಡುತ್ತ. ಅತ್ತೆಗೆ ಕೆಮ್ಮು ಹತ್ತಿತು.

ಹುಡುಗಿಯನ್ನು ಒಪ್ಪಿದರು. ಆದರೆ ಒಂದು ಕಂಡೀಷನ್: "ದೇವ್ರನ್ನೂ ಜೊತೇಲಿ ಕಳ್ಸಿ. ಸೇವೆ ತಪ್ಪಿಸಬಾರದು." ಈಗ ಕಂಬ ಕೀಳಲು ಆಳು ಸಿಕ್ಕರು. ಹೆಲ್ಮೆಟ್ಟನ್ನಾದರೂ ವಾಪಸ್ ಕೇಳೋಣವೇ ಎಂದ ನನ್ನ ಗಂಡನನ್ನು ಅತ್ತೆ ಕಣ್ಣಲ್ಲೇ ಸುಟ್ಟರು.

ಮದುವೆ ಮುಗಿಯಿತು. ಹುಡುಗನ ಕೆಲಸ ದೂರದ ನಾಗಪುರದಲ್ಲಿ. ಸಂಸಾರ ಹೂಡಿಕೊಡಲು ಅವನ ತಾಯಿಯೂ ಹೊರಟರು. ಬೀರೂರು ಜಂಕ್ಷನ್ನಿನಲ್ಲಿ ರೈಲು ಹತ್ತಿದ ಆಕೆ, ಬುಡ ಕೊಯ್ಯಿಸಿದ ದೇವರನ್ನು ಕಿಟಕಿಯ ಸೀಟಿನಲ್ಲಿ ಕೂರಿಸಿ, ಸೊಸೆಯನ್ನು ಪಕ್ಕಕ್ಕೆ ಒತ್ತರಿಸಿದರು.

ನಾದಿನಿ ಟೈರಿನ ಮೇಲಿಂದ ಬಗ್ಗಿ, ಕಿಟಕಿಯ ಹೊರಗೆ ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದ್ದ ನನ್ನ ಕಿವಿಯಲ್ಲಿ ಹೇಳಿದಳು: "ನಮ್ಮತ್ತೆ ದೀಪಾವಳಿಗೆ ಕಡೂರಿಗೆ ವಾಪಸ್ ಬತ್ತಾರಂತೆ ಅತ್ತಿಗೆ. ಅಲ್ಲೀತನಕ ಆರತಿ."

ರೈಲು ಹೊರಟಿತು. ನಾನು ಕೈ ಬೀಸಿದೆ, ಅವಳು ಬೀಸಲಿಲ್ಲ. ಮಡಿಲಲ್ಲಿದ್ದ ಬಿದಿರು ಕತ್ತಿಯ ಹಿಡಿಯ ಮೇಲೆ ಅವಳ ಎರಡೂ ಕೈ ಇದ್ದವು. ಎಡಗೈ ಕೆಳಗೆ, ಬಲಗೈ ಮೇಲೆ, ಪರ್ಫೆಕ್ಟ್. ಅವಳನ್ನು ನಾನು ಕೊನೆಯ ಸಲ ನೋಡಿದ್ದು ಹಾಗೆ.