ಕಟ್ಟೆ ಇಳಿಯುವ ಮಾತು

ಕಳೆದ ವಾರ ಹಳೆಯ ಫೈಲೊಂದನ್ನು ಬಿಚ್ಚಿದೆ. ಕಾರ್ಬನ್ ಕಾಗದದ ಎಣ್ಣೆವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಮುರಗೋಡದ ನಮ್ಮ ಓಣಿ, ಎದುರುಮನೆಯ ಸುಬೇದಾರ ಕಾಕಾ...

ತೊಂಬತ್ತರ ದಶಕದಲ್ಲಿ, ನಿವೃತ್ತಿಗೆ ಮುಂಚೆ, ಕಾಕಾ ನೀಲಿ ಟೋಪಿ ಹಾಕಿಕೊಂಡು ಆಫ್ರಿಕಾದ ಒಂದು ದೇಶಕ್ಕೆ ಶಾಂತಿ ಕಾಯಲು ಹೋಗಿದ್ದರು. ಜಗತ್ತಿನ ದೇಶಗಳೆಲ್ಲ ಸೇರಿ ಕಳಿಸಿದ ಪಡೆ ಅದು. ಅಲ್ಲಿ ಒಂದು ಶಾಲೆಯಲ್ಲಿ ಅಡಗಿದ್ದ ಜನರನ್ನು ಬಂದೂಕಿನವರು ಎಳೆದೊಯ್ದು ಕೊಂದರು. ಕಾಕಾ ಗೇಟಿನಲ್ಲೇ ನಿಂತಿದ್ದರು. ತಡೆಯಲು ದೇಶಗಳ ಸಭೆಯ ಅಪ್ಪಣೆ ಬೇಕು. ಆ ಬಂದೂಕಿನವರಿಗೆ ಮದ್ದುಗುಂಡು ಕೊಡುತ್ತಿದ್ದ ದೊಡ್ಡ ದೇಶವೇ ಸಭೆಯಲ್ಲಿ ಕುಳಿತು ‘ಬೇಡ’ ಎಂದಿತ್ತು. ಅಂಥ ಒಬ್ಬರು ಬೇಡವೆಂದರೆ ಉಳಿದವರೆಲ್ಲ ಸುಮ್ಮನಾಗಬೇಕು, ಅಲ್ಲಿಯ ನಿಯಮವೇ ಹಾಗಂತೆ.

ಊರಿಗೆ ಬಂದ ಮೇಲೆ ಕಾಕಾ, ಆ ನಿಯಮ ಬದಲಿಸಿರೆಂದು ಸಭೆಗೆ ಪತ್ರ ಬರೆಯಲು ಹೊರಟರು. ನಾನಾಗ ಬೈಲಹೊಂಗಲದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಲು ಸೇರಿದ್ದೆ. ಸೊಕ್ಕಿಗೇನೂ ಕಡಿಮೆಯಿರಲಿಲ್ಲ. ಒಂದು ಭಾನುವಾರ ಟೈಪ್‌ರೈಟರ್ ಮುಂದಿಟ್ಟುಕೊಂಡು ಕುಳಿತೆವು.

“ಬರಕೋ ತಮ್ಮಾ,” ಅಂದರು ಕಾಕಾ. “ನಮ್ಮೂರಾಗ ನ್ಯಾಯಕ್ಕ ಕುಂತಾಗ, ತಂಟೇದಾಗ ತನ್ನವರಿದ್ರ ಹಿರ್ಯಾ ಕಟ್ಟಿ ಇಳದು ನೆಲಕ್ಕ ಕುಂದರತಾನ. ಅವತ್ತು ಅವಗ ಮಾತಿಲ್ಲ. ನಮ್ಮಪ್ಪನೂ ಒಮ್ಮಿ ಇಳದಿದ್ದ. ಅಲ್ಲೂ ಹಂಗ ಮಾಡ್ರಿ ಅಂತ ಹಾಕು. ಇದೊಂದು ಬಿಡಬ್ಯಾಡ.”

ನಾನು ಅದನ್ನೇ ಬಿಟ್ಟೆ. ಅಷ್ಟು ದೊಡ್ಡ ಸಭೆಗೆ ಮುರಗೋಡದ ಕಟ್ಟೆಯ ಕಥೆಯೇ? ನಕ್ಕಾರು ಅನ್ನಿಸಿತು. ಬದಲಿಗೆ ಪತ್ರಿಕೆಗಳಿಂದ ಎತ್ತಿದ ನಾಲ್ಕು ಭಾರಿ ವಾಕ್ಯ ತುರುಕಿದೆ. ಕಾಕಾಗೆ ಇಂಗ್ಲಿಷ್ ಅಷ್ಟಾಗಿ ತಿಳಿಯದು.

“ಕಟ್ಟಿ ಮಾತು ಹಾಕಿದ್ಯಾ?”

“ಹಾಕೇನ್ರಿ ಕಾಕಾ.”

ಕನ್ನಡಕ ಸರಿಮಾಡಿಕೊಂಡು ಸಹಿ ಹಾಕಿದರು. ಫೌಜಿನ ಶಿಸ್ತು, ಕಾರ್ಬನ್ ಪ್ರತಿಗೂ ಹಾಕಿದರು.

ಎಷ್ಟೋ ತಿಂಗಳ ಮೇಲೆ, ಪತ್ರ ತಲುಪಿದೆ ಎಂಬ ಅಚ್ಚಿನ ಚೀಟಿ ಬಂತು. ಕಾಕಾ ಅದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಿರುಗಿದರು. ಆಮೇಲೆ ಮತ್ತೊಂದು ದೇಶ, ಮತ್ತೆ ಅಂಥದೇ ಹೆಣಗಳು. ಟಿವಿಯಲ್ಲಿ ಆ ಸುದ್ದಿ ಬಂದರೆ ಎದ್ದು ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದರು...

ಹೊಸ ಶತಮಾನ ಬಂದು ಕೆಲವು ವರ್ಷಕ್ಕೆ ಹಾಸಿಗೆ ಹಿಡಿದರು. ನೋಡಲು ಹೋದಾಗ ನನ್ನ ಕೈ ಹಿಡಿದು ಕೇಳಿದರು: “ಕಟ್ಟಿ ಮಾತು ಓದಿನೂ ಅವರು ಸುಮ್ಮನ ಕುಂತ್ರಲ್ಲೋ ತಮ್ಮಾ?”

ನಾನು ಅವರ ಹೊದಿಕೆ ಸರಿಮಾಡಿದೆ. ಮೂರನೇ ದಿನ ತೀರಿಕೊಂಡರು.

ಈಗ ಆ ಪ್ರತಿ ನನ್ನ ಮೇಜಿನ ಮೇಲಿದೆ. ಅಕ್ಷರಗಳು ಮಾಸಿವೆ, ಸಹಿ ಮಾತ್ರ ಸ್ಪಷ್ಟವಾಗಿದೆ. ಮೊದಲಿನಿಂದ ಕೊನೆಯವರೆಗೆ ಮತ್ತೆ ಓದಿದೆ. ಅವರು ಓದಿಯೂ ಸುಮ್ಮನೆ ಕೂತರೋ ಏನೋ ನನಗೆ ಗೊತ್ತಿಲ್ಲ, ಕಾಕಾ. ನಿಮ್ಮ ಮಾತನ್ನು ನಾನು ಬರೆದೇ ಇರಲಿಲ್ಲ.