ನಮ್ಮ ಯಜಮಾನರ ಪುಸ್ತಕ ವ್ಯಾಪಾರ

ಇವತ್ತು ಬೆಳಗ್ಗೆ ಕಪಾಟು ಒರೆಸುವಾಗ ನನ್ನ ಮೊದಲ ಕಥಾಸಂಕಲನದ ಹಳೆಯ ಪ್ರತಿಯೊಂದು ಕೈಗೆ ಬಂತು. ತೆರೆದರೆ ಕೊಬ್ಬರಿ ವಾಸನೆ! ಬೇರೆಯವರ ಪುಸ್ತಕಗಳು ಹೊಸದರಲ್ಲಿ ಮಸಿಯ ವಾಸನೆ ಹೊಡೆಯುತ್ತವೆ, ಹಳತಾದ ಮೇಲೆ ಧೂಳಿನದು. ನನ್ನದು ಮಾತ್ರ ಹುಟ್ಟಿದಾಗಿನಿಂದ ಉಂಡೆ ಕೊಬ್ಬರಿಯ ವಾಸನೆಯದು. ಬೆಂಗಳೂರಿನ ಪ್ರಕಾಶಕರು ಸಂಭಾವನೆಯ ಬದಲು ಕಳಿಸಿದ ಪ್ರತಿಗಳ ಕಟ್ಟುಗಳನ್ನು ನಮ್ಮ ಯಜಮಾನರು ಸೀದಾ ಅಟ್ಟಕ್ಕೆ ಏರಿಸಿಬಿಟ್ಟಿದ್ದರು. ತುರುವೇಕೆರೆ ಕಡೆಯ ನಮ್ಮಂಥವರ ಮನೆಗಳಲ್ಲಿ ಅಟ್ಟವೆಂದರೆ ತೆಂಗಿನಕಾಯಿ ಒಣಗುವ ಜಾಗ. ಅಲ್ಲಿ ತಿಂಗಳುಗಟ್ಟಲೆ ಕೂತು, ಒಳಗಿನ ನೀರು ಹಿಂಗಿ, ಅಲ್ಲಾಡಿಸಿದರೆ ಲೊಡಲೊಡ ಎನ್ನುವ ಹೊತ್ತಿಗೆ ಅವು ಕೊಬ್ಬರಿಯಾಗುತ್ತವೆ.

"ಪುಸ್ತಕಾನೂ ಅಲ್ಲೇ ಇರ್ಲಿ ಬುಡು. ಬೆಚ್ಚಗಿರುತ್ತೆ," ಎಂದಿದ್ದರು.

ಪುಸ್ತಕ ಬೆಚ್ಚಗಿರಬೇಕೆಂದು ನಿಮಗೆ ಯಾರಾದರೂ ಹೇಳಿದ್ದುಂಟೇ?

ನಾನು ಲೇಖಕಿಯಾದ ಬಗೆಯನ್ನು ಈಗೀಗ ಒಬ್ಬರಲ್ಲ ಒಬ್ಬರು ಕೇಳುತ್ತಾರೆ. ಬರೆದದ್ದರಲ್ಲಿ ಹೇಳಿಕೊಳ್ಳುವಂಥ ಸಾಹಸವೇನಿಲ್ಲ. ಹಾಲು ಕಾಯುವಷ್ಟು ಹೊತ್ತಿನಲ್ಲಿ ಒಂದು ಪುಟ, ಉಕ್ಕಿದ ಹಾಲು ಒರೆಸಿದ ಮೇಲೆ ಇನ್ನೊಂದು. ವಾರಪತ್ರಿಕೆಗಳು ಕೆಲವನ್ನು ಹಾಕಿಕೊಂಡವು, ಹೆಚ್ಚಿನವನ್ನು ವಿಷಾದದೊಂದಿಗೆ ಹಿಂದಿರುಗಿಸಿದವು. ಬರೆಯುವುದು ನನಗೆ ಸ್ವಲ್ಪ ಗೊತ್ತಿತ್ತು, ಅಚ್ಚು ಹಾಕಿಸುವುದು ಪ್ರಕಾಶಕರಿಗೆ ಗೊತ್ತಿತ್ತು. ಅದನ್ನು ಓದುವವರ ಕೈಗೆ ಮುಟ್ಟಿಸುವುದು ಮಾತ್ರ ಇಬ್ಬರಿಗೂ ಗೊತ್ತಿರಲಿಲ್ಲ.

ಗೊತ್ತಿಲ್ಲವೆಂಬುದು ತಿಪಟೂರಿನಲ್ಲಿ ನಡೆದ ಬಿಡುಗಡೆ ಸಮಾರಂಭದ ದಿನವೇ ತಿಳಿಯಿತು. ನೆಂಟರಿಷ್ಟರೆಲ್ಲ ಬಂದರು, ಉಪ್ಪಿಟ್ಟು ಚೆನ್ನಾಗಿದೆ ಎಂದರು, ನನ್ನ ಸೀರೆಯೂ ಚೆನ್ನಾಗಿದೆ ಎಂದರು. ಮುಖ್ಯ ಅತಿಥಿಗಳು ನನ್ನನ್ನು ಕವಯಿತ್ರಿ ಎಂದು ಕರೆದು ಮೆಚ್ಚಿ ಮಾತನಾಡಿದರು. ನಾನು ಬರೆದದ್ದು ಬರೀ ಕಥೆ. ಬಾಗಿಲ ಬಳಿ ಮೇಜಿನ ಮೇಲೆ ಜೋಡಿಸಿಟ್ಟ ಪುಸ್ತಕಗಳನ್ನು ಯಾರೂ ಮುಟ್ಟಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತು ಅತ್ತೆ.

"ಕೊಬ್ರಿ ಹರಾಜಿನ ದಿನ ಮಾಲು ಹೋಗ್ಲಿಲ್ಲ ಅಂತ ಯಾರಾದ್ರೂ ಅಳ್ತಾರೇನೆ? ಮುಂದಿನ ಹರಾಜು ಇಲ್ವಾ?" ಎಂದರು ಯಜಮಾನರು. "ನನ್ ಕೈಗ್ ಕೊಡು. ನಾನ್ ನೋಡ್ಕತೀನಿ."

ಅವರು ಕಥೆ ಓದುವ ಪೈಕಿಯಲ್ಲ. ಪೇಪರಿನಲ್ಲಿ ಕೊಬ್ಬರಿ ಧಾರಣೆ ನೋಡಿ ಮಡಿಚಿಡುವವರು. ಆದರೂ ಮಾರುಕಟ್ಟೆಗೆ ಹೊರಟಾಗಲೆಲ್ಲ ಒಂದು ಬಟ್ಟೆಚೀಲದಲ್ಲಿ ನನ್ನ ಪುಸ್ತಕಗಳನ್ನು ತುಂಬಿಕೊಂಡು ಹೋಗತೊಡಗಿದರು. ಕೊಬ್ಬರಿ ಮಂಡಿಯಲ್ಲಿ, ಮಾಯಸಂದ್ರದ ಬಸ್‌ಸ್ಟ್ಯಾಂಡಿನಲ್ಲಿ, ಅರಳಗುಪ್ಪೆಯ ನೆಂಟರ ಮನೆಯ ಗೃಹಪ್ರವೇಶದಲ್ಲಿ, ಎಲ್ಲಿ ನಿಂತರೆ ಅಲ್ಲೇ ಅಂಗಡಿ. ಸಂಜೆ ಬಂದಾಗ ಚೀಲ ಖಾಲಿ! ಏನು ಹೇಳಿ ಮಾರುತ್ತಾರೋ ಎಂದು ನನಗೆ ಸಂಶಯ, ಕೇಳಲು ಧೈರ್ಯವಿಲ್ಲ. ಅದೂ ಒಂದು ದಿನ ಬಯಲಾಯಿತು. ಹುಳಿಯಾರಿನಿಂದ ಯಾರೋ ಫೋನು ಮಾಡಿದರು.

"ಅಮ್ಮಾ, ನುಸಿಗೆ ಔಷಧಿ ಯಾವ ಪುಟದಾಗೈತೆ?"

ನನ್ನ ಒಂದು ಕಥೆಯ ಹೆಸರು 'ನುಸಿ'. ತೋಟಕ್ಕೆ ನುಸಿರೋಗ ಬಿದ್ದ ವರ್ಷ ಮಾತು ಬಿಟ್ಟ ಇಬ್ಬರು ಓರಗಿತ್ತಿಯರ ಕಥೆ ಅದು. ಯಜಮಾನರು ಪರಿವಿಡಿಯಲ್ಲಿ ಆ ಹೆಸರು ನೋಡಿದ್ದಾರೆ, ತೆಂಗು ಬೆಳೆಗಾರರ ಕೈಗೆಲ್ಲ ದಾಟಿಸಿದ್ದಾರೆ. ನಾನು ನಾಚಿಕೆಯಿಂದ ಕುಗ್ಗಿಹೋಗಿ, ಪುಸ್ತಕ ವಾಪಸು ಕೊಡಿ ಎಂದೆ.

"ವಾಪಸ್ ಯಾಕಮ್ಮ? ನಮ್ಮನೆಯೋಳು ಓದಿ ಅತ್ಕಂಡು ಅವ್ಳ ವಾರಗಿತ್ತಿ ಮನೆಗೆ ಹೋಗವ್ಳೆ. ಔಷಧಿ ಇದ್ರೆ ಹೇಳಿ, ಇಲ್ದಿದ್ರೆ ಬುಡಿ. ಇನ್ನೊಂದ್ ಪುಸ್ತಕ ಬರೆದ್ರೆ ಮಾತ್ರ ಹೇಳ್‌ಕಳ್ಸಿ."

ಆ ಫೋನು ಇಟ್ಟ ಮೇಲೆ ನಾನು ಎರಡನೆಯ ಪುಸ್ತಕಕ್ಕೆ ಕೂತೆ. ಮುಂದೆ ಒಂದು ಪ್ರಶಸ್ತಿ ಬಂದಾಗಲೂ ಅಷ್ಟು ಹುರುಪು ಬರಲಿಲ್ಲ. ಎರಡನೆಯದು ಬಂತು, ಮರುಮುದ್ರಣವಾಯಿತು. ಆಮೇಲೆ ವಾಟ್ಸಾಪ್ ಗುಂಪು, ಫೇಸ್‌ಬುಕ್ಕು, ಮುಖಪುಟದ ಮುಂದೆ ನಾನು ನಿಂತು ನಗುವ ವಿಡಿಯೋ, ಎಲ್ಲ ಕಲಿತೆ. ಪ್ರಕಾಶಕರು ಕಥೆಯ ಹೆಸರು ಬದಲಿಸಿ ಎಂದರೆ ಬದಲಿಸಿದೆ, ಊರ ಮಾತು ಕಡಿಮೆ ಮಾಡಿ ಎಂದರೆ ಗೊಣಗುತ್ತಲೇ ಕಡಿಮೆ ಮಾಡಿದೆ. ಯಜಮಾನರೂ ವ್ಯಾಪಾರ ಸುಧಾರಿಸಿಕೊಂಡರು. ಎರಡನೆಯದನ್ನು ಚೀಲಕ್ಕೆ ತುಂಬುವ ಮುಂಚೆ, "ಏನೈತೆ ಇದ್ರಲ್ಲಿ? ಒಂದ್ ಮಾತಲ್ಲಿ ಹೇಳು," ಎಂದರು. ನಾನು ಹೇಳಿದ್ದನ್ನು ಊರೂರಿಗೆ ಒಪ್ಪಿಸಿದರು.

ಮೂರನೆಯ ಪುಸ್ತಕ ಬಂದಾಗ ನಾನು ಒಂದು ಮಾತಿನಲ್ಲಿ ಹೇಳಲಾರದೆ ಹೋದೆ. "ನೀವೇ ಓದಿ," ಎಂದೆ.

ಅದರಲ್ಲಿ ನಮ್ಮ ಮೊದಲ ಮಗುವಿನ ಕಥೆಯಿತ್ತು. ಹೆಣ್ಣು. ತಿಪಟೂರಿನ ಆಸ್ಪತ್ರೆಯಲ್ಲಿ ಬೆಳಗ್ಗೆ ಹುಟ್ಟಿ ಸಂಜೆಗೆ ಹೋಯಿತು. ಯಜಮಾನರೇ ಬಟ್ಟೆಯಲ್ಲಿ ಸುತ್ತಿಕೊಂಡು ತೋಟಕ್ಕೆ ಒಯ್ದರು. ಎಲ್ಲಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆಮೇಲೆ ಮಗ ಹುಟ್ಟಿದ, ಓದಿದ, ಹಾಸನದಲ್ಲಿ ಮೇಷ್ಟ್ರಾದ. ಅವಳ ವಿಷಯ ಮನೆಯಲ್ಲಿ ಬರಲೇ ಇಲ್ಲ. ಕಥೆಯಲ್ಲಿ ಅವಳಿಗೆ ಒಂದು ಹೆಸರಿಟ್ಟಿದ್ದೆ. ಚೈತ್ರ.

ಯಜಮಾನರು ಪುಸ್ತಕ ಹಿಡಿದುಕೊಂಡು ತೋಟದ ಪಂಪ್‌ಹೌಸಿಗೆ ಹೋದರು. ಕರೆಂಟು ಬರುವವರೆಗೆ ಅಲ್ಲಿ ಕಾಯುವುದು ಅವರ ವಾಡಿಕೆ. ಮಧ್ಯಾಹ್ನ ಊಟಕ್ಕೆ ತಡವಾಗಿ ಬಂದರು, ಮುದ್ದೆಯನ್ನು ಅರ್ಧಕ್ಕೆ ಬಿಟ್ಟು ಎದ್ದರು. ಮುಂದಿನ ಹರಾಜಿನ ದಿನ ಚೀಲ ಗೂಟದಲ್ಲೇ ನೇತಾಡುತ್ತಿತ್ತು. ಅದರ ಮುಂದಿನದಕ್ಕೂ ಹಾಗೇ. ಮನೆಯ ಸಂಕಟವನ್ನು ಬೀದಿಗೆ ತಂದೆನೆಂದು ಕೋಪವಿರಬೇಕು ಎಂದುಕೊಂಡೆ. ಪ್ರಕಾಶಕರಿಗೆ ಫೋನು ಮಾಡಿ, ಮರುಮುದ್ರಣವಾದರೆ ಆ ಕಥೆ ತೆಗೆದುಬಿಡಿ ಎಂದೆ. ಯಾಕೆ, ಅದೇ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಿದ್ದಾರೆ ಎಂದರು. ಜೊತೆಗೆ ಬಾಳುವ ಮನುಷ್ಯನ ಬಾಯಿ ಕಟ್ಟಿಸುವಂಥದ್ದನ್ನು ಬರೆದು ಯಾವ ಹೆಸರು ಮಾಡಬೇಕಾಗಿದೆ ಅನ್ನಿಸಿತು. ಬರೆಯುವುದನ್ನೇ ನಿಲ್ಲಿಸಿಬಿಡೋಣ ಎನ್ನುವಷ್ಟು.

ಕೊನೆಗೆ ಕೊಟ್ಟಿಗೆಯಲ್ಲಿ ಅವರು ಹಸುವಿಗೆ ಹುಲ್ಲು ಹಾಕುತ್ತಿದ್ದಾಗ ಹೋಗಿ ನಿಂತೆ.

"ಆ ಕಥೆ ಬರೆದಿದ್ದು ತಪ್ಪಾಯ್ತೇನ್ರೀ?"

"ತಪ್ಪೇನಿಲ್ಲ ಬುಡು."

"ಮತ್ಯಾಕೆ ಚೀಲ ಮುಟ್ತಿಲ್ಲ?"

ಹುಲ್ಲಿನ ಕಂತೆ ಬಿಚ್ಚುತ್ತಲೇ ಇದ್ದರು. "ಏನೈತೆ ಇದ್ರಲ್ಲಿ ಅಂತ ಜನ ಕೇಳ್ತಾರಲ್ಲ ಕಣೇ. ನಾನ್ ಏನಂತ ಹೇಳ್ಲಿ?"

ನಾನೂ ಒಂದು ಕಂತೆ ಎತ್ತಿಕೊಂಡು ಬಿಚ್ಚತೊಡಗಿದೆ. ಹಸು ಮಾತ್ರ ನಿರಾತಂಕವಾಗಿ ಮೆಲ್ಲುತ್ತಿತ್ತು. ಅವರೇ ಕೇಳಿದರು.

"ಚೈತ್ರ ಅಂತ ಯಾವಾಗ್ ಇಟ್ಟೆ?"

"ಹೊಟ್ಟೇಲಿದ್ದಾಗ್ಲೇ."

"ಚೆನ್ನಾಗೈತೆ." ಕೈಗೆ ಅಂಟಿದ ಹುಲ್ಲು ಕೊಡವಿಕೊಂಡರು. "ನಾನು ಕೆಂಪಮ್ಮ ಅಂತ ಅಂದ್ಕಂಡಿದ್ದೆ."

ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಒಂದೇ ಸೂರಿನ ಕೆಳಗೆ, ಒಂದೇ ಮಗುವನ್ನು ನಾವಿಬ್ಬರೂ ಎರಡು ಹೆಸರಿನಿಂದ ಕರೆದುಕೊಂಡಿದ್ದೆವು, ಒಬ್ಬರಿಗೊಬ್ಬರು ಕೇಳಿಸದ ಹಾಗೆ. ನನಗೆ ಅಳು ಬಂತು. ಅಳುವಿನ ಮಧ್ಯೆಯೇ, ನನ್ನ ಬುದ್ಧಿಯೇ ಅಂಥದ್ದು, "ಕೆಂಪಮ್ಮನಾ? ಅಷ್ಟು ಹಳೇ ಹೆಸರಾ?" ಎಂದುಬಿಟ್ಟೆ.

"ದೇವ್ರ ಹೆಸ್ರು ಕಣೇ, ಹಳೇದೇನ್ ಬಂತು? ಮನೇಲಿ ಕೆಂಪಿ ಅಂತ ಕೂಗಬೋದಾಗಿತ್ತು," ಎಂದು ನಗಲು ಹೋದರು. ಆಗಲಿಲ್ಲ. ಹಸುವಿನ ಕತ್ತು ತಬ್ಬಿಕೊಂಡು ಗೋಡೆಯ ಕಡೆ ತಿರುಗಿದರು. ಆ ಸಂಜೆ ಕತ್ತಲಾಗುವುದಕ್ಕೆ ಮುಂಚೆ ನನ್ನನ್ನು ತೋಟಕ್ಕೆ ಕರೆದುಕೊಂಡು ಹೋಗಿ ಜಾಗ ತೋರಿಸಿದರು.

ಮರುಮುದ್ರಣದಲ್ಲಿ ಮಗುವಿನ ಹೆಸರು ಬದಲಿಸಲೇ ಎಂದು ಕೇಳಿದ್ದಕ್ಕೆ ಬೇಡವೆಂದರು. "ಜನ ಓದ್‌ಬುಟ್ಟವ್ರೆ. ಇರ್ಲಿ." ಹಾಗಾಗಿ ನಾನು ಒಂದು ಕಾದಂಬರಿಯನ್ನೇ ಬರೆಯಬೇಕಾಯಿತು. ಚಿಕ್ಕನಾಯಕನಹಳ್ಳಿಯ ಸಂತೆಯಲ್ಲಿ ಬಳೆ ವ್ಯಾಪಾರ ಮಾಡಿ, ಮೂವರು ತಮ್ಮಂದಿರನ್ನು ದಡ ಸೇರಿಸಿ, ನಲವತ್ತಕ್ಕೆ ತನಗೆ ಬೇಕಾದವನನ್ನು ಮದುವೆಯಾಗುವ ಗಟ್ಟಿ ಹೆಂಗಸಿನ ಕಥೆ. 'ಕೆಂಪಮ್ಮ' ಎಂದೇ ಹೆಸರಿಟ್ಟೆ. ಪ್ರಕಾಶನದಲ್ಲಿ ಪ್ರಚಾರ ನೋಡಿಕೊಳ್ಳುವ ಹುಡುಗಿ ಬಹಳ ವಿನಯದಿಂದ, "ಮೇಡಂ, ಈ ಹೆಸರು ಇವತ್ತಿನ ಓದುಗರಿಗೆ ಕನೆಕ್ಟ್ ಆಗಲ್ಲ, ಬೇರೆ ಕೊಡ್ತೀರಾ?" ಎಂದಳು. ಇಷ್ಟು ವರ್ಷ ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿದವಳು ನಾನು. ಈ ಸಲ ಆಗುವುದಿಲ್ಲ ಎಂದೆ. ಹೆಸರು ಹೋದರೆ ಪುಸ್ತಕವನ್ನೇ ವಾಪಸು ಕೊಡಿ ಎಂದೂ ಹೇಳಿದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಅವರು ಒಪ್ಪಿದರು.

ಪುಸ್ತಕ ಹೋದ ವಾರ ಬಂತು. ಇವತ್ತು ತಿಪಟೂರಿನ ಕಾಲೇಜೊಂದರಲ್ಲಿ ಮಾರಾಟ. ಕಪಾಟು ಒರೆಸುವುದನ್ನು ಅರ್ಧಕ್ಕೆ ಬಿಟ್ಟು ಹೊರಟುಬಂದು, ಈಗ ಮೇಜಿನ ಹಿಂದೆ ಕೂತಿದ್ದೇನೆ. ಯಜಮಾನರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಪಕ್ಕದಲ್ಲಿ ನಿಂತಿದ್ದಾರೆ. ಈ ಪುಸ್ತಕವನ್ನು ಅವರು ಪೂರ್ತಿ ಓದಿದ್ದಾರೆ. ಒಬ್ಬ ಹೆಂಗಸು ಪ್ರತಿಯನ್ನು ತಿರುವಿ ನೋಡಿ, ಬರೆದವರು ಯಾರು ಎಂದು ಕೇಳಿದಳು.

ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. ನಾಲ್ಕು ಜನರ ಎದುರು ಅವರು ಹಾಗೆ ಕೈಯಿಟ್ಟವರೇ ಅಲ್ಲ.

"ಇವ್ಳೇ ಕಣಮ್ಮ," ಎಂದರು, "ಕೆಂಪಮ್ಮನ ತಾಯಿ."

ಆಕೆ ಅದನ್ನು ಲೇಖಕಿ ಎಂಬ ಅರ್ಥದಲ್ಲಿ ತೆಗೆದುಕೊಂಡು ನಕ್ಕಳು. ನಾನೂ ನಕ್ಕು, ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದೆ.