ಕುಂಟನ ಕಿವಿಯ ನೊಣ

ಬರೆದುಕೋ ಮಗಾ, ನಿನ್ನ ಕಾಲೇಜು ಪತ್ರಿಕೆಗೆ ಬೇಕಾದ್ದು ಹೇಳುತ್ತಲೇ ಇದ್ದೇನೆ. ಮೊದಲು ಆ ಬಚ್ಚಲ ಬಾಗಿಲು ಎಳೆದುಕೋ. ನೊಣ ತಪ್ಪಿಸಿಕೊಂಡರೆ ನನ್ನ ಮಗಳು ನನ್ನನ್ನೇ ಹಿಡಿದು ಪಂಜರಕ್ಕೆ ಹಾಕುತ್ತಾಳೆ.

ಎಲ್ಲಿದ್ದೆ? ಹಾಂ, ಅವಳ ವಿಷಯವೇ. ಬೀದಿಯವರೆಲ್ಲ ನೊಣದಕ್ಕ ಅನ್ನುತ್ತಾರೆ. ಪಶು ಆಸ್ಪತ್ರೆಯ ಲ್ಯಾಬಿನಲ್ಲಿ ನಾಯಿಗಳ ರಕ್ತ ನೋಡುವ ಕೆಲಸ. ಅದರಲ್ಲಿ ನೂಲಿನೆಳೆಯಂಥ ಹುಳ ಇರುತ್ತದಂತೆ. ಸೊಳ್ಳೆಯೇ ಹರಡುವುದು ಅಂತ ಅವಳ ದೊಡ್ಡ ಡಾಕ್ಟರು. ಕಿವಿ ಕಚ್ಚುವ ನೊಣವೂ ಹರಡುತ್ತಿರಬಹುದು ಅಂತ ಇವಳು. ಹಟದಲ್ಲಿ ಅವರಪ್ಪನ ಪಡಿಯಚ್ಚು. ಅವರು ಒಂದು ಮೊಳೆ ಹೊಡೆಯಲು ಹೋಗಿ ಗೋಡೆಯ ಅರ್ಧ ಗಾರೆ ಉದುರಿಸಿದವರು. ಇರಲಿ.

"ನೊಣದ ಹೊಟ್ಟೇಲಿ ಹುಳ ಸಿಕ್ಕಿದ್ರೆ ಏನು ಬಂತು? ರಕ್ತ ಕುಡಿದಿದೆ, ಅಷ್ಟೇ. ನೊಣದ ಬಾಯಿಗೆ ಬಂದ ಹುಳ ತೋರಿಸಿ, ಕಚ್ಚಿದಾಗ ಹರಡೋದು ಅದೇ. ಬೇಸಿಗೆ ಮುಗಿಯೋದ್ರೊಳಗೆ ಆಗದಿದ್ರೆ ಇದನ್ನ ಬಿಟ್ಟುಬಿಡಿ" ಅಂದಿದ್ದಾರೆ ಡಾಕ್ಟರು. ಹಾಗಾಗಿ ಹುಳವಿರುವ ನಾಯಿಯನ್ನು ಕಚ್ಚಿದ ನೊಣವನ್ನು ಜೀವಂತ ಹಿಡಿದು, ಹುಳ ಅದರ ಬಾಯಿಗೆ ಬರುವ ತನಕ ದಿನಗಟ್ಟಲೆ ಸಾಕಬೇಕು. ನಮ್ಮ ಬಚ್ಚಲಿನಲ್ಲಿ ಪರದೆ ಬಟ್ಟೆಯ ಪಂಜರ, ಸಕ್ಕರೆ ನೀರಲ್ಲಿ ಅದ್ದಿದ ಹತ್ತಿ. ಸದ್ಯ ಅದರಲ್ಲಿರುವುದು ಸಾಕಿ ಅಭ್ಯಾಸವಾಗಲೆಂದು ದನದ ಕೊಟ್ಟಿಗೆಯಿಂದ ಹಿಡಿದು ತಂದ ನೊಣಗಳು. ನನ್ನ ಬಾಣಂತನಕ್ಕೂ ಇಷ್ಟು ಉಪಚಾರ ಇರಲಿಲ್ಲ.

ಹುಳ ಹೆಚ್ಚಿರುವುದು ಬೀದಿನಾಯಿಗಳನ್ನು ಸಾಕುವ ನಾಯಿಮನೆಯ ಕುಂಟ ಅನ್ನುವ ನಾಯಿಗೆ. ಆ ನಾಯಿಮನೆ ನೋಡಿಕೊಳ್ಳುವವನು ನನ್ನ ತಮ್ಮನೇ. ಇವಳು ಬರುತ್ತಾಳೆಂದರೆ ಸಾಕು, ನೆಂಟರೆದುರು ಮಕ್ಕಳನ್ನು ನಿಲ್ಲಿಸುವ ಹಾಗೆ ನಾಯಿಗಳ ಮೈ ತೊಳೆದು, ಕಿವಿಗೆ ಘಾಟು ಎಣ್ಣೆ ಸವರಿ ನಿಲ್ಲಿಸುತ್ತಾನೆ. ಒಂದು ನೊಣವೂ ಹತ್ತಿರ ಸುಳಿಯುವುದಿಲ್ಲ.

"ಮಾವ, ಎಣ್ಣೆ ಹಚ್ಚಬೇಡ ಅಂದಿದ್ನಲ್ಲ."

"ಕಿವಿ ತೂತಾಗೋ ತನಕ ನೋಡ್ತಾ ಕೂರಲೇನೇ ತಾಯಿ? ನಿನ್ನ ಕಿವಿ ಕೊಡು, ಅದಕ್ಕೆ ಹಚ್ಚಲ್ಲ."

ಗೋಗರೆದ ಮೇಲೆ ನಿನ್ನೆ ಎಣ್ಣೆ ಹಚ್ಚದೆ ಬಿಟ್ಟ. ಕುಂಟನ ಕಿವಿಯ ತುದಿಗೆ ನೊಣ ಬಂತು. ಮಗಳು ಅದರ ಮೇಲೆ ಮುಚ್ಚಲು ಗಾಜಿನ ಕೊಳವೆ ಹಿಡಿದು ಬಗ್ಗಿದಳು. ಅದು ಕಚ್ಚಿತು, ಅದರ ಹೊಟ್ಟೆ ಕೆಂಪಗೆ ಉಬ್ಬಿತು. ಇನ್ನೇನು ಕೊಳವೆ ಇಡಬೇಕು, ಕುಂಟ ಕುಂಯ್ ಅಂದ. ನನ್ನ ತಮ್ಮ ಫಟ್ಟನೆ ಹೊಡೆದ.

"ಸಿಕ್ತು, ತಗೋ" ಅಂತ ಅಂಗೈ ಚಾಚಿದನಂತೆ.

ಮನೆಗೆ ಬಂದವಳು ಊಟಕ್ಕೂ ಏಳಲಿಲ್ಲ. "ಬೈಯೋಕೂ ಆಗಲ್ಲಮ್ಮ, ಮಾವನ ಕಣ್ಣಲ್ಲಿ ನೀರಿತ್ತು" ಅಂದಳು. ನನಗೆ ಇಬ್ಬರ ಮೇಲೂ ಸಿಟ್ಟು. ಯಾರ ಮೇಲೆ ತೀರಿಸಲಿ?

ಬರೆದದ್ದು ಸಾಕು, ಏಳು. ಬೇಸಿಗೆ ಮುಗಿಯುತ್ತಾ ಬಂತು, ಅವಳು ಮತ್ತೆ ಅಲ್ಲಿಗೇ ಹೊರಟಿದ್ದಾಳೆ. ನೀನು ಮುಂಚೆ ಹೋಗಿ, ಅಕ್ಕನ ಕನ್ನಡಕ ಸರಿಮಾಡಿಸಬೇಕಂತೆ ಅಂತ ನನ್ನ ತಮ್ಮನನ್ನು ಪೇಟೆಗೆ ಕರೆದುಕೊಂಡು ಹೋಗು. ಬೇಗ ವಾಪಸ್ ಬಿಡಬೇಡ. ಇಗೋ ಕನ್ನಡಕ, ಅದರ ಕಡ್ಡಿ ನಾನೇ ಈಗಷ್ಟೇ ಮುರಿದಿದ್ದೇನೆ.